ಮಲೆನಾಡಿನ ಮಳೆಗಾಲ ಕಂಡವರಿಗೂ ಉತ್ತರದ ಚಳಿಗಾಲ ಏಕೆ ಕಷ್ಟವಾಗುತ್ತದೆ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವಳು, ವಯಸ್ಸು 31. ಕಳೆದ ವರ್ಷ ಆಗಸ್ಟ್‌ನಲ್ಲಿ ಪತಿ ಮತ್ತು ನಾಲ್ಕು ವರ್ಷದ ಮಗನೊಂದಿಗೆ ಫಿನ್ಲೆಂಡಿನ ಹೆಲ್ಸಿಂಕಿಗೆ ಬಂದೆ. ನಮ್ಮಿಬ್ಬರಿಗೂ ಇಲ್ಲಿಯೇ ಉದ್ಯೋಗ. ನವೆಂಬರ್ ಹೊತ್ತಿಗೆ ಹತ್ತು ಗಂಟೆ ಮಲಗಿದರೂ ಆಯಾಸ ಹೋಗದಂತಾಯಿತು. ಅನ್ನ, ಸಿಹಿ ಎಷ್ಟು ತಿಂದರೂ ಸಾಲದು ಎನಿಸುತ್ತಿತ್ತು. ಊರಿಗೆ ಫೋನ್ ಮಾಡಲು ಮನಸ್ಸಾಗುತ್ತಿರಲಿಲ್ಲ, ಕಾರಣವಿಲ್ಲದೆ ಅಳು ಬರುತ್ತಿತ್ತು. ಏಪ್ರಿಲ್ ಬಂದ ಮೇಲೆ ತಾನಾಗಿಯೇ ಸರಿಹೋಯಿತು. ಪತಿಗೆ ಇದೇನೂ ಆಗಲಿಲ್ಲ. “ಮೂರು ತಿಂಗಳು ಬಿಸಿಲೇ ಕಾಣದ ಮಳೆಯಲ್ಲಿ ಬೆಳೆದವಳು ನೀನು, ನಿನಗೆ ಇದೊಂದು ದೊಡ್ಡದೇ?” ಎನ್ನುತ್ತಾರೆ ಅಮ್ಮ. ಈಗ ಸೆಪ್ಟೆಂಬರ್, ಸಂಜೆ ಬೇಗ ಕತ್ತಲಾಗುವುದನ್ನು ನೋಡಿದರೆ ಭಯವಾಗುತ್ತಿದೆ. ಇದು ರೋಗವೋ, ನನ್ನ ಮನಸ್ಸಿನ ದೌರ್ಬಲ್ಯವೋ? ವಿಟಮಿನ್ ಡಿ ಮಾತ್ರೆ ತೆಗೆದುಕೊಂಡರೆ ಸಾಕೇ? ದೀಪದ ಮುಂದೆ ಕೂರುವ ಚಿಕಿತ್ಸೆ ನಿಜವೇ? ಅಥವಾ ಊರಿಗೆ ಮರಳುವುದೇ ಒಳ್ಳೆಯದೇ?

ಉತ್ತರ: ಇದು ದೌರ್ಬಲ್ಯವಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅಮ್ಮನ ಮಾತು ನಿಮಗೆ ಧೈರ್ಯ ತುಂಬಲು ಆಡಿದ್ದು, ಆದರೆ ಅದು ಎರಡು ಬೇರೆ ಬೇರೆ ಬಗೆಯ ಕತ್ತಲೆಗಳನ್ನು ಒಂದೇ ಎಂದುಕೊಂಡು ಆಡಿದ ಮಾತು. ಶಿವಮೊಗ್ಗದಲ್ಲಿ ಕುಳಿತು ಮನೋವೈದ್ಯ ವೃತ್ತಿ ನಡೆಸುವ ನನಗೆ ಈ ಭಾಗದಿಂದ ಹೊರದೇಶಕ್ಕೆ ಹೋದವರ ಮನೆಯವರು ಇದೇ ಮಾತನ್ನು ಹೇಳುವುದು ಹೊಸದಲ್ಲ, ಆದ್ದರಿಂದ ಆ ವ್ಯತ್ಯಾಸವನ್ನು ಸ್ವಲ್ಪ ವಿಸ್ತಾರವಾಗಿಯೇ ವಿವರಿಸುತ್ತೇನೆ.

ನಮ್ಮಲ್ಲಿ ಮಳೆ ಜೋರಾಗಿ ಹಿಡಿಯುವ ಜುಲೈ ತಿಂಗಳು ವರ್ಷದಲ್ಲಿಯೇ ಹಗಲು ಅತಿ ದೀರ್ಘವಾಗಿರುವ ಕಾಲಕ್ಕೆ ಸೇರಿದ್ದು. ಆಗ ಹೊಸನಗರದಲ್ಲಿ ಹಗಲು ಸುಮಾರು 12 ಗಂಟೆ 50 ನಿಮಿಷ ಇರುತ್ತದೆ. ಸೂರ್ಯ ಕಾಣದಿದ್ದರೂ ಮೋಡದ ಮೇಲೆ ಅವನು ನೆತ್ತಿಯ ಹತ್ತಿರವೇ ಇರುತ್ತಾನೆ, ಹಾಗಾಗಿ ಕಾರ್ಮೋಡ ಕವಿದ ಮಧ್ಯಾಹ್ನದಲ್ಲಿಯೂ ಅಂಗಳದಲ್ಲಿ ಸಾವಿರಾರು ಲಕ್ಸ್ ಬೆಳಕು ಇರುತ್ತದೆ. ಲಕ್ಸ್ ಎಂಬುದು ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ. ನಮ್ಮ ಮನೆಗಳ ಮಳೆಗಾಲದ ಬದುಕು ಜಗುಲಿಯಲ್ಲಿ, ಕೊಟ್ಟಿಗೆಯಲ್ಲಿ, ತೋಟದ ಹಾದಿಯಲ್ಲಿ, ಗದ್ದೆಯ ಅಂಚಿನಲ್ಲಿ ನಡೆಯುತ್ತದೆಯೇ ಹೊರತು ಬಾಗಿಲು ಮುಚ್ಚಿದ ಕೋಣೆಯಲ್ಲಲ್ಲ. ನಟ್ಟಿಯ ಸಮಯದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ದಿನವಿಡೀ ಹೊರಗೇ ಇರುವವರ ಕಣ್ಣಿಗೆ ಬೀಳುವ ಬೆಳಕು, ದೀಪ ಹೊತ್ತಿಸಿದ ಕಚೇರಿಯೊಳಗೆ ಕುಳಿತವರ ಕಣ್ಣಿಗೆ ಬೀಳುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮಳೆಗಾಲ ನಮ್ಮಿಂದ ಬಿಸಿಲನ್ನು ಕಸಿಯುತ್ತದೆ, ಹಗಲನ್ನು ಕಸಿಯುವುದಿಲ್ಲ.

ಹೆಲ್ಸಿಂಕಿ ಇರುವುದು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನಿಮ್ಮ ಹೊಸನಗರ 14 ಡಿಗ್ರಿಯ ಆಸುಪಾಸಿನಲ್ಲಿ. ಡಿಸೆಂಬರ್ 21ರ ಸುಮಾರಿಗೆ ಅಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಹತ್ತಿರ ಹುಟ್ಟಿದ ಸೂರ್ಯ ಮಧ್ಯಾಹ್ನ ಮೂರೂಕಾಲಾಗುವಷ್ಟರಲ್ಲಿ ಮುಳುಗಿರುತ್ತಾನೆ, ಹಗಲಿನ ಅವಧಿ ಆರು ಗಂಟೆಯೂ ಇಲ್ಲ. ಅದೇ ದಿನ ನಮ್ಮಲ್ಲಿ ಹನ್ನೊಂದೂಕಾಲು ಗಂಟೆಯ ಹಗಲು. ಅಲ್ಲಿನ ಸೂರ್ಯ ನಡುಹಗಲಿನಲ್ಲಿಯೂ ದಿಗಂತದಿಂದ ಆರು ಡಿಗ್ರಿಗಿಂತ ಸ್ವಲ್ಪವೇ ಮೇಲಕ್ಕೆ ಏರುತ್ತಾನೆ. ಅಷ್ಟರ ಮೇಲೆ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಮೋಡ ಕವಿದ ದಿನಗಳೇ ಹೆಚ್ಚು. ನೀವು ಕೆಲಸಕ್ಕೆ ಹೊರಡುವಾಗ ಕತ್ತಲೆ, ಮನೆಗೆ ಮರಳುವಾಗಲೂ ಕತ್ತಲೆ, ನಡುವಿನ ಹೊತ್ತೆಲ್ಲ 300 ರಿಂದ 500 ಲಕ್ಸ್ ಬೆಳಕಿನ ಕಚೇರಿ. ಹುಟ್ಟಿದಾಗಿನಿಂದ ಇಂಥ ಅಭಾವವನ್ನು ಒಮ್ಮೆಯೂ ಕಂಡಿರದ ದೇಹ ನಿಮ್ಮದು.

ದೇಹಕ್ಕೆ ಬೆಳಕು ಏಕೆ ಅಷ್ಟು ಮುಖ್ಯ ಎಂದರೆ, ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ನೋಟಕ್ಕೆ ಬೇಕಾದ ಕೋಶಗಳಲ್ಲದೆ ಸುತ್ತಲಿನ ಬೆಳಕಿನ ಪ್ರಮಾಣವನ್ನು ಅಳೆದು ಮಿದುಳಿಗೆ ತಿಳಿಸುವ ಬೇರೊಂದು ಬಗೆಯ ಕೋಶಗಳೂ ಇವೆ. ಇವುಗಳ ಕೆಲಸ ಸ್ಪಷ್ಟವಾಗಿ ತಿಳಿದದ್ದು 2002ರ ಸುಮಾರಿಗೆ. ಮಿದುಳಿನೊಳಗಿನ ಜೈವಿಕ ಗಡಿಯಾರಕ್ಕೆ ಈ ಕೋಶಗಳು ಬೆಳಗಾಯಿತೆಂಬ ಸುದ್ದಿ ಮುಟ್ಟಿಸಿದಾಗ ನಿದ್ರೆಗೆ ಸಂಬಂಧಿಸಿದ ಮೆಲಟೋನಿನ್ ಸ್ರವಿಕೆ ನಿಲ್ಲುತ್ತದೆ, ಎಚ್ಚರ ಮತ್ತು ಹಸಿವುಗಳ ಲಯ ಸರಿಯಾಗಿ ಸಾಗುತ್ತದೆ. ಮುಂಜಾನೆಯ ಬೆಳಕೇ ಇಲ್ಲದಾಗ ಆ ಗಡಿಯಾರ ಹಿಂದೆ ಬೀಳುತ್ತದೆ ಎಂಬುದು ಈ ತೊಂದರೆಗೆ ಕೊಡಲಾಗುವ ಮುಖ್ಯ ವಿವರಣೆಗಳಲ್ಲಿ ಒಂದು. ಎದ್ದು ಓಡಾಡುತ್ತಿದ್ದರೂ ದೇಹದ ಮಟ್ಟಿಗೆ ಇನ್ನೂ ಬೆಳಗಾಗಿರುವುದಿಲ್ಲ. ಹೆಚ್ಚು ನಿದ್ರೆ, ಅನ್ನ ಮತ್ತು ಸಿಹಿಯ ಮೇಲಿನ ಬಯಕೆ, ಜನರಿಂದ ದೂರ ಸರಿಯುವುದು, ವಸಂತ ಬಂದೊಡನೆ ತಿಳಿಯಾಗುವುದು, ಹೀಗೆ ನೀವು ಬರೆದ ಲಕ್ಷಣಗಳೆಲ್ಲವೂ ಋತುಸಂಬಂಧಿ ಖಿನ್ನತೆಯ ವಿವರಣೆಗೆ ಹೊಂದುತ್ತವೆ. ಇದನ್ನು 1984ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ತಮ್ಮ ಸಂಗಡಿಗರೊಂದಿಗೆ ಮೊದಲು ಸ್ಪಷ್ಟವಾಗಿ ನಿರೂಪಿಸಿದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಿಂದ ನ್ಯೂಯಾರ್ಕಿಗೆ ಬಂದವರು, ಅಲ್ಲಿನ ಚಳಿಗಾಲಗಳಲ್ಲಿ ತಮ್ಮದೇ ಉತ್ಸಾಹ ಕುಗ್ಗುವುದನ್ನು ಗಮನಿಸಿದವರು. ಬಿಸಿಲಿನ ನಾಡಿನಿಂದ ಬಂದವರಿಗೆ ಇದು ತಟ್ಟುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಿಮ್ಮ ಪತಿಗೆ ತಟ್ಟಲಿಲ್ಲವೆಂದರೆ ಅವರು ಗಟ್ಟಿಗರು, ನೀವು ಅಲ್ಲ ಎಂದು ಅರ್ಥವಲ್ಲ. ಈ ಪ್ರವೃತ್ತಿ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುತ್ತದೆ, ಮಹಿಳೆಯರಲ್ಲಿ ಹೆಚ್ಚಾಗಿ ಕಾಣುತ್ತದೆ.

ಆದರೂ ನಿಮಗೆ ಋತುಸಂಬಂಧಿ ಖಿನ್ನತೆಯೇ ಇದೆ ಎಂದು ನಾನು ಇಲ್ಲಿಂದಲೇ ತೀರ್ಪು ಕೊಡಲಾರೆ. ಕನಿಷ್ಠ ಎರಡು ವರ್ಷ ಒಂದೇ ಋತುವಿನಲ್ಲಿ ಮರುಕಳಿಸಿದರೆ ಮಾತ್ರ ಆ ಹೆಸರು ಕೊಡುವುದು ವೈದ್ಯಕೀಯ ಪದ್ಧತಿ, ನೀವು ಕಂಡಿರುವುದು ಒಂದೇ ಚಳಿಗಾಲ. ಅದೇ ಹೊತ್ತಿನಲ್ಲಿ ನೀವು ಊರು, ಭಾಷೆ, ಕಚೇರಿ, ಮಗುವನ್ನು ನೋಡಿಕೊಳ್ಳುವ ಹಿರಿಯರ ಆಸರೆ ಎಲ್ಲವನ್ನೂ ಒಟ್ಟಿಗೇ ಬಿಟ್ಟು ಬಂದಿದ್ದಿರಿ, ಆ ದುಃಖದ ಪಾಲೂ ಇದ್ದೀತು. ಥೈರಾಯ್ಡ್ ಗ್ರಂಥಿಯ ಮಂದಗತಿ, ರಕ್ತಹೀನತೆ, ಕಬ್ಬಿಣಾಂಶ ಮತ್ತು ಬಿ12 ಕೊರತೆಗಳೂ ಇಂಥದೇ ಆಯಾಸ ತರುತ್ತವೆ, ಇವು ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಅಪರೂಪವೇನಲ್ಲ. ಫಿನ್ಲೆಂಡಿನಲ್ಲಿ ಉದ್ಯೋಗಿಗಳಿಗೆ ಆರೋಗ್ಯ ಸೇವೆಯ ವ್ಯವಸ್ಥೆ ಮಾಡುವುದು ಉದ್ಯೋಗದಾತರ ಕಾನೂನುಬದ್ಧ ಹೊಣೆ. ಆ ವೈದ್ಯರನ್ನು ಈ ತಿಂಗಳೇ ಕಂಡು, ಕಳೆದ ಚಳಿಗಾಲದ ಅನುಭವವನ್ನು ನನಗೆ ಬರೆದಂತೆಯೇ ಅವರಿಗೂ ಹೇಳಿ, ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಈ ತಿಂಗಳೇ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಮ್ಮನ ಹೋಲಿಕೆಯಲ್ಲಿ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವ ಒಂದು ಅಂಶ ಉಂಟು, ಅದು ಸಹಿಸಿಕೊಳ್ಳುವ ಶಕ್ತಿಯಲ್ಲ, ಮುಂಚಿತ ಸಿದ್ಧತೆ. ನಮ್ಮ ಜನ ಮಳೆಗಾಲವನ್ನು ಮಳೆಗಾಲದಲ್ಲಿ ಎದುರಿಸುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿಯೇ ಹಂಚು ಕೈಯಾಡಿಸಿ, ಸೌದೆ ಒಟ್ಟಿ, ಹಪ್ಪಳ ಸಂಡಿಗೆ ಒಣಗಿಸಿ, ಮಿಡಿ ಉಪ್ಪಿನಕಾಯಿ ಹಾಕಿಡುತ್ತಾರೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದೂ ಕೊಳೆರೋಗ ಕಾಣಿಸಿಕೊಳ್ಳುವ ಮೊದಲು, ಅಡಿಕೆ ಗೊನೆಗೆ ಕೊಳೆ ಹತ್ತಿದ ಮೇಲೆ ಹೊಡೆದ ಔಷಧಿಯಿಂದ ಸಿಗುವ ಫಲ ಅಷ್ಟರಲ್ಲೇ ಇದೆ. ಖಿನ್ನತೆ ಆವರಿಸಿದ ಮೇಲೆ ಕೆಲಸ ಮಾಡುವ ಮನಸ್ಸೇ ಇರುವುದಿಲ್ಲವಾದ್ದರಿಂದ, ಚಳಿಗಾಲಕ್ಕೆ ಬೇಕಾದ ನಿರ್ಧಾರಗಳನ್ನೆಲ್ಲ ಮನಸ್ಸು ನೆಟ್ಟಗಿರುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿಯೇ ಮಾಡಿ ಮುಗಿಸಬೇಕು.

ಇನ್ನು ದೀಪದ ವಿಷಯ. ಇದು ನಿಜವಾದ ಚಿಕಿತ್ಸೆ, ಋತುಸಂಬಂಧಿ ಖಿನ್ನತೆಗೆ ಹಲವು ದಶಕಗಳಿಂದ ಬಳಕೆಯಲ್ಲಿರುವಂಥದು. ಇದಕ್ಕೆ ಬೇಕಾದದ್ದು 10,000 ಲಕ್ಸ್ ಬಿಳಿ ಬೆಳಕು ಕೊಡುವ, ಅತಿನೇರಳೆ ಕಿರಣಗಳನ್ನು ತಡೆದಿರುವ ದೀಪ. ಅಲ್ಲಿನ ಸಾಮಾನ್ಯ ವಿದ್ಯುತ್ ಉಪಕರಣಗಳ ಅಂಗಡಿಗಳಲ್ಲಿಯೇ ‘ಕಿರ್ಕಸ್‌ವಲೊಲಾಂಪ್ಪು’ ಎಂದು ಕೇಳಿದರೆ ಸಿಗುತ್ತದೆ. ಚರ್ಮ ಕಂದಿಸುವ ಸಲೂನಿನ ದೀಪಗಳು ಇದಕ್ಕೆ ಆಗುವುದಿಲ್ಲ, ಅವು ಹಾನಿಕರ. ಕೊಳ್ಳುವಾಗ ಎಷ್ಟು ದೂರದಲ್ಲಿ 10,000 ಲಕ್ಸ್ ಸಿಗುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆ ಓದಿ. ಸಣ್ಣ ದೀಪಗಳಲ್ಲಿ ಮುಖವನ್ನು ತೀರ ಹತ್ತಿರ ಇಟ್ಟರೆ ಮಾತ್ರ ಆ ಪ್ರಮಾಣ ಸಿಗುವುದರಿಂದ ಅಗಲವಾದ ಫಲಕವಿರುವುದನ್ನೇ ಆರಿಸಿಕೊಳ್ಳುವುದು ಮೇಲು. ಮೇಜಿನ ಆಚೆ ತುದಿಯಲ್ಲಿ ಹೊತ್ತಿಸಿಟ್ಟು ಅಡುಗೆಮನೆಯಲ್ಲಿ ಓಡಾಡಿಕೊಂಡಿದ್ದರೆ ಅದರಿಂದ ಚಿಕಿತ್ಸೆಯಾಗುವುದಿಲ್ಲ.

ಎದ್ದ ಒಂದು ಗಂಟೆಯೊಳಗೆ, ಪ್ರತಿದಿನ ಒಂದೇ ಹೊತ್ತಿಗೆ, ಸುಮಾರು ಅರ್ಧ ಗಂಟೆ ಅದರ ಮುಂದೆ ಕುಳಿತುಕೊಳ್ಳಬೇಕು. ದೀಪವನ್ನೇ ದಿಟ್ಟಿಸಬಾರದು, ಅದು ಸ್ವಲ್ಪ ಪಕ್ಕಕ್ಕೆ ಅಥವಾ ಮೇಲಕ್ಕೆ ಇದ್ದು, ಕಣ್ಣು ತೆರೆದು ತಿಂಡಿ ತಿನ್ನುತ್ತಲೋ ಓದುತ್ತಲೋ ಇರಬಹುದು. ಬೆಳಕು ಕೆಲಸ ಮಾಡುವುದು ಕಣ್ಣಿನ ಮೂಲಕ, ಚರ್ಮದ ಮೂಲಕ ಅಲ್ಲ. ಹೆಚ್ಚಿನವರಿಗೆ ಒಂದೆರಡು ವಾರಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ, ಆದರೆ ತಿಳಿಯಿತೆಂದು ನಿಲ್ಲಿಸಿದರೆ ಲಕ್ಷಣಗಳು ಬೇಗನೆ ಮರಳುತ್ತವೆ. ನಿಮ್ಮ ಸಂದರ್ಭದಲ್ಲಿ ಅಕ್ಟೋಬರ್ ಮೊದಲ ವಾರದಲ್ಲಿ ಆರಂಭಿಸಿ ಮಾರ್ಚ್ ಕೊನೆಯವರೆಗೆ ಮುಂದುವರಿಸುವುದು ಸೂಕ್ತ ಎಂಬುದು ನನ್ನ ಅಭಿಪ್ರಾಯ. ಸಂಜೆಯ ಹೊತ್ತು ಬಳಸಬೇಡಿ, ನಿದ್ರೆ ಇನ್ನಷ್ಟು ಹಿಂದೆ ಸರಿಯುತ್ತದೆ. ಆರಂಭದಲ್ಲಿ ತಲೆನೋವು, ಕಣ್ಣಿನ ಆಯಾಸ, ಸಣ್ಣ ವಾಕರಿಕೆ ಬರಬಹುದು, ಸಮಯವನ್ನು ತಗ್ಗಿಸಿ ನಿಧಾನವಾಗಿ ಏರಿಸಿದರೆ ಸಾಮಾನ್ಯವಾಗಿ ಹೋಗುತ್ತವೆ.

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಭಾರತಕ್ಕೂ ಫಿನ್ಲೆಂಡಿಗೂ ಮೂರೂವರೆ ಗಂಟೆಯ ಅಂತರ. ನೀವು ಬೆಳಿಗ್ಗೆ ಏಳೂವರೆಗೆ ದೀಪದ ಮುಂದೆ ಕುಳಿತಾಗ ಹೊಸನಗರದಲ್ಲಿ ಹನ್ನೊಂದು ಗಂಟೆ, ಅಮ್ಮನ ಬೆಳಗಿನ ಕೆಲಸಗಳು ಒಂದು ಹಂತಕ್ಕೆ ಬಂದಿರುವ ಹೊತ್ತು. ಆ ಅರ್ಧ ಗಂಟೆಯನ್ನು ಅವರೊಂದಿಗಿನ ಫೋನ್ ಮಾತಿಗೆ ಈಗಲೇ ಗೊತ್ತುಮಾಡಿ. ಮಾತು ಬೇಡವೆನಿಸುವ ದಿನಗಳಲ್ಲಿಯೂ ಕರೆ ಬರುವುದು ಅವರ ಕಡೆಯಿಂದಲೇ ಆಗಲಿ, ನೀವು ಕೇಳಿಸಿಕೊಂಡರೆ ಸಾಕು.

ದೀಪ ಎಲ್ಲರಿಗೂ ಹೊಂದುವುದಿಲ್ಲ. ಅಕ್ಷಿಪಟಲದ ಕಾಯಿಲೆ ಇರುವವರು, ಚರ್ಮ ಅಥವಾ ಕಣ್ಣನ್ನು ಬೆಳಕಿಗೆ ಸೂಕ್ಷ್ಮಗೊಳಿಸುವ ಡಾಕ್ಸಿಸೈಕ್ಲಿನ್, ಹೈಡ್ರಾಕ್ಸಿಕ್ಲೋರೋಕ್ವಿನ್‌ನಂಥ ಔಷಧಿ ಸೇವಿಸುವವರು, ದೇಹದ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಿಮಗಾಗಲಿ ನಿಮ್ಮ ರಕ್ತಸಂಬಂಧಿಗಳಿಗಾಗಲಿ ಉನ್ಮಾದ ಮತ್ತು ಖಿನ್ನತೆಗಳು ಸರದಿಯಲ್ಲಿ ಬರುವ ದ್ವಿಧ್ರುವ ಕಾಯಿಲೆ ಇದ್ದರೆ ಅದನ್ನು ಮುಚ್ಚಿಡದೆ ಮೊದಲೇ ತಿಳಿಸಿ. ಇಂಥ ಕಾಯಿಲೆಯ ಸುದ್ದಿಯನ್ನು ಮದುವೆಯ ಮಾತುಕತೆಗೆ ಅಡ್ಡಿಯಾದೀತೆಂದು ಮನೆಯವರಿಂದಲೇ ಬಚ್ಚಿಡುವ ವಾಡಿಕೆ ನಮ್ಮಲ್ಲಿದೆ, ಆದ್ದರಿಂದ ಅಮ್ಮನನ್ನು ನೇರವಾಗಿಯೇ ಕೇಳಿ ತಿಳಿದುಕೊಳ್ಳಿ. ದೀಪ ಆರಂಭಿಸಿದ ಮೇಲೆ ನಿದ್ರೆ ಬೇಡವಾಗಿ, ಮಾತು ಮತ್ತು ಯೋಚನೆ ಮಿತಿಮೀರಿ ಓಡತೊಡಗಿದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ದೀಪ ಇದ್ದರೂ ಹೊರಗಿನ ಹಗಲನ್ನು ಬಿಡಬೇಡಿ. ನಡುಹಗಲಿನ ಹನ್ನೆರಡರ ಹೊತ್ತಿಗೆ, ಊಟದ ವಿರಾಮದ ಮೊದಲರ್ಧವನ್ನು ಹೊರಗೆ ನಡೆಯಲು ಮೀಸಲಿಡಿ. ಮೋಡವಿದ್ದರೂ ಕಚೇರಿಯೊಳಗಿಗಿಂತ ಹೆಚ್ಚು ಬೆಳಕು ಅಲ್ಲಿರುತ್ತದೆ. ಹೆಲ್ಸಿಂಕಿಯಲ್ಲಿ ಅತಿ ಕಠಿಣವಾದದ್ದು ಹಿಮ ಬೀಳುವ ಮೊದಲಿನ ನವೆಂಬರ್. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 80ಕ್ಕೂ ಹೆಚ್ಚು ಭಾಗವನ್ನು ಹಿಂದಿರುಗಿಸುವುದರಿಂದ, ಹಿಮ ನಿಂತ ಮೇಲೆ ಅದೇ ಗಿಡ್ಡ ಹಗಲು ಎಷ್ಟೋ ಹೆಚ್ಚು ಬೆಳಕಾಗಿ ಕಾಣುತ್ತದೆ. ನೀವು ಹೆದರಬೇಕಾದದ್ದು ಹಿಮಕ್ಕಲ್ಲ ಎಂಬುದು ನೆನಪಿರಲಿ. ನಿಮ್ಮ ಮಗನ ಶಿಶುವಿಹಾರದಲ್ಲಿ ಮಕ್ಕಳನ್ನು ಚಳಿಯಲ್ಲೂ ದಿನವೂ ಹೊರಗೆ ಆಡಿಸುವುದನ್ನು ನೋಡಿರುತ್ತೀರಿ, ಅವನಿಗೆ ಹೊದಿಸಿದಷ್ಟೇ ಶ್ರದ್ಧೆಯಿಂದ ನಿಮಗೂ ಹೊದಿಸಿಕೊಳ್ಳಿ. ಮೈಗೆ ತಾಗುವ ಪದರ ಉಣ್ಣೆಯದಾಗಿರಲಿ, ಬೆವರು ಹೀರಿ ತೇವವಾಗಿಯೇ ಉಳಿಯುವ ಹತ್ತಿ ಬಟ್ಟೆ ಅಲ್ಲಿ ಚಳಿಯನ್ನು ಹೆಚ್ಚಿಸುತ್ತದೆ. ಮಂಜುಗಡ್ಡೆಯಲ್ಲಿ ಜಾರದಂತೆ ಅಡಿಯಲ್ಲಿ ಮೊಳೆಗಳಿರುವ ಬೂಟು ಕೊಳ್ಳಿ. ಒಮ್ಮೆ ಬಿದ್ದು ಕೈ ಮುರಿದುಕೊಂಡರೆ ಚಳಿಗಾಲವಿಡೀ ಒಳಗೇ ಕೂರಬೇಕಾಗುತ್ತದೆ.

ವಿಟಮಿನ್ ಡಿ ಬೇಕು, ಆದರೆ ಅದು ಈ ಖಿನ್ನತೆಗೆ ಔಷಧಿಯಲ್ಲ. ಅಷ್ಟು ಉತ್ತರದಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಚರ್ಮ ಬಿಸಿಲಿನಿಂದ ವಿಟಮಿನ್ ಡಿ ತಯಾರಿಸಲಾರದು, ನಮ್ಮಂಥ ಕಂದು ಚರ್ಮದವರಿಗೆ ಬೇಸಿಗೆಯಲ್ಲಿಯೂ ಹೆಚ್ಚು ಹೊತ್ತು ಬೇಕು. ವಯಸ್ಕರಿಗೆ ಅಲ್ಲಿನ ಶಿಫಾರಸು ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್, ಅಲ್ಲಿನ ಹಾಲಿಗೂ ಇದನ್ನು ಬೆರೆಸಿರುತ್ತಾರೆ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಇಲ್ಲಿಂದ ಹೋಗುವವರು 60,000 ಯೂನಿಟ್‌ನ ಮಾತ್ರೆ ಪೊಟ್ಟಣಗಳನ್ನು ಡಬ್ಬದ ತುಂಬ ಒಯ್ದು, ಬೇಸರವಾದಾಗಲೆಲ್ಲ ವಾರಕ್ಕೊಂದರಂತೆ ತಿಂಗಳುಗಟ್ಟಲೆ ನುಂಗುವುದುಂಟು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಗಿನ ತಿಂಡಿಯಲ್ಲಿ ಬೇಳೆ, ಕಾಳು, ಮೊಸರು, ಮೊಟ್ಟೆ ಇವುಗಳಲ್ಲಿ ನಿಮಗೆ ಒಗ್ಗುವುದು ಇದ್ದರೆ ಸಂಜೆಯ ಸಿಹಿಯ ಬಯಕೆ ಸ್ವಲ್ಪ ತಗ್ಗುತ್ತದೆ. ರಜೆಯ ದಿನಗಳಲ್ಲಿಯೂ ಏಳುವ ಹೊತ್ತನ್ನು ಬದಲಿಸಬೇಡಿ, ಇದು ಊಟಕ್ಕಿಂತ ಮುಖ್ಯ.

ಜನರ ಒಡನಾಟಕ್ಕೂ ಮೊದಲೇ ವ್ಯವಸ್ಥೆ ಬೇಕು. ಬಯಲಾಟಗಳು ನಿಂತುಹೋಗುವ ಮಳೆಗಾಲದಲ್ಲಿ ನಮ್ಮವರು ಮನೆಯೊಳಗೆ, ದೇವಸ್ಥಾನದ ಪೌಳಿಯಲ್ಲಿ ತಾಳಮದ್ದಲೆ ನಡೆಸುತ್ತಾ ಬಂದಿದ್ದಾರೆ. ಹೊರಗೆ ಕಾಲಿಡಲಾಗದ ಕಾಲಕ್ಕೆಂದೇ ಒಂದು ಕೂಟವನ್ನು ಇಟ್ಟುಕೊಂಡ ಸಮಾಜ ನಮ್ಮದು, ಅದರ ಬೆಲೆ ಏನೆಂದು ಖಿನ್ನತೆಯ ಚಿಕಿತ್ಸೆ ಮಾಡುವ ನನಗೆ ಚೆನ್ನಾಗಿ ಗೊತ್ತು. ಅಲ್ಲಿರುವ ಎರಡು ಮೂರು ಕುಟುಂಬಗಳೊಂದಿಗೆ ಮಾತನಾಡಿ, ನವೆಂಬರ್‌ನಿಂದ ಫೆಬ್ರವರಿಯವರೆಗೆ ವಾರದ ಒಂದು ಗೊತ್ತಾದ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುವುದನ್ನು ಈಗಲೇ ನಿಶ್ಚಯಿಸಿ. ಅಂದಂದಿಗೆ ನೋಡೋಣ ಎಂದು ಬಿಟ್ಟರೆ ಡಿಸೆಂಬರ್‌ನಲ್ಲಿ ನೀವು ಯಾರನ್ನೂ ಕರೆಯುವುದಿಲ್ಲ, ಯಾರಲ್ಲಿಗೂ ಹೋಗುವುದಿಲ್ಲ. 2018ರಲ್ಲಿ ತೆರೆದ ‘ಓದಿ’ ಹೆಸರಿನ ಕೇಂದ್ರ ಗ್ರಂಥಾಲಯದಂಥ, ಬೆಳಕು ಚೆನ್ನಾಗಿರುವ ಸಾರ್ವಜನಿಕ ಸ್ಥಳಗಳು ನಿಮ್ಮ ನಗರದಲ್ಲಿವೆ. ಮಗನನ್ನು ಕರೆದುಕೊಂಡು ವಾರಾಂತ್ಯದ ಮಧ್ಯಾಹ್ನಗಳನ್ನು ಅಲ್ಲಿ ಕಳೆಯಬಹುದು.

ಇಷ್ಟೆಲ್ಲ ಮಾಡಿಯೂ ಲಕ್ಷಣಗಳು ಮರಳಿದರೆ ಮುಂದಿನ ಹೆಜ್ಜೆಗಳು ಇವೆ. ಯೋಚನೆ ಮತ್ತು ನಡವಳಿಕೆಯ ಧಾಟಿಯನ್ನು ತಿದ್ದುವ ಮಾತಿನ ಚಿಕಿತ್ಸೆಯನ್ನು ಚಳಿಗಾಲದ ಖಿನ್ನತೆಗೆಂದೇ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಕೆಲ್ಲಿ ರೋಹನ್ ಮತ್ತು ಸಂಗಡಿಗರು ರೂಪಿಸಿದ್ದಾರೆ. ಅವರು 177 ಜನರಲ್ಲಿ ಇದನ್ನು ದೀಪದ ಚಿಕಿತ್ಸೆಯೊಂದಿಗೆ ಹೋಲಿಸಿ ನೋಡಿದಾಗ, ಆ ಚಳಿಗಾಲದ ಮಟ್ಟಿಗೆ ಎರಡೂ ಸಮನಾಗಿದ್ದವು. ಆದರೆ ಎರಡು ಚಳಿಗಾಲಗಳ ನಂತರ ದೀಪದ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 46ರಷ್ಟು ಮಂದಿಗೆ, ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 27ರಷ್ಟು ಮಂದಿಗೆ ಖಿನ್ನತೆ ಮರುಕಳಿಸಿತ್ತು. ದೀರ್ಘಕಾಲ ಅಲ್ಲಿಯೇ ನೆಲೆಸುವವರಿಗೆ ಇದು ಗಮನಿಸಬೇಕಾದ ವಿಷಯ. ಖಿನ್ನತೆ ನಿವಾರಕ ಔಷಧಿಗಳೂ ಉಪಯುಕ್ತ. ಅವುಗಳಲ್ಲಿ ಬ್ಯುಪ್ರೋಪಿಯಾನ್ ಎಂಬುದನ್ನು ಶರತ್ಕಾಲದಲ್ಲಿ ಆರಂಭಿಸಿ ವಸಂತದಲ್ಲಿ ನಿಲ್ಲಿಸುವ ಮುನ್ನೆಚ್ಚರಿಕೆಯ ಕ್ರಮಕ್ಕೆ ಅಮೆರಿಕದಲ್ಲಿ 2006ರಲ್ಲಿ ಅನುಮತಿ ದೊರೆಯಿತು. ಅಪಸ್ಮಾರ ಇರುವವರಿಗೆ ಅದು ಆಗದು. ಇವನ್ನು ಅಲ್ಲಿನ ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕು, ಊರಿನಿಂದ ತರಿಸಿಕೊಂಡು ತಾವೇ ಆರಂಭಿಸುವುದು ಬೇಡ. ಬದುಕುವುದೇ ಬೇಡವೆನ್ನುವ ಯೋಚನೆ ಒಂದು ದಿನ ಸುಳಿದರೂ ಪತಿಗೆ ಹೇಳಿ, ಅಂದೇ ವೈದ್ಯರನ್ನು ಕಾಣಿ. ತುರ್ತಿದ್ದರೆ 112ಕ್ಕೆ ಕರೆ ಮಾಡಿ. ಇದನ್ನು ನಿಮ್ಮ ಪತಿಯೂ ಓದಬೇಕೆಂದು ನನ್ನ ಕೋರಿಕೆ.

ಅಮ್ಮನಿಗೂ ಒಂದು ಮಾತು. ಮಗಳು ಅಲ್ಲಿ ಸುಖವಾಗಿದ್ದರೂ ನೆಪ ಹೇಳುತ್ತಿದ್ದಾಳೆ ಎಂದು ದಯವಿಟ್ಟು ತಿಳಿಯಬೇಡಿ. ನಿಮ್ಮ ಕಣ್ಣೆದುರು ಇದ್ದಿದ್ದರೆ ಅವರು ಎಷ್ಟು ಸೊರಗಿದ್ದಾರೆಂದು ನೀವೇ ಮೊದಲು ಹೇಳುತ್ತಿದ್ದಿರಿ. ಬೆಳಗಿನ ಆ ಕರೆಯನ್ನು ತಪ್ಪಿಸಬೇಡಿ, “ಏನಾಗಿದೆ ನಿನಗೆ” ಎಂದು ಕೇಳುವುದಕ್ಕಿಂತ ತೋಟದ, ನೆರೆಮನೆಯ ಸಮಾಚಾರ ಹೇಳುವುದೇ ಅವರಿಗೆ ಹಿತ.

ಊರಿಗೆ ಬಂದು ಹೋಗುವುದಾದರೆ ಡಿಸೆಂಬರ್‌ಗಿಂತ ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗಿನ ಅವಧಿ ಉತ್ತಮ. ಬಿಸಿಲಿನ ಪ್ರವಾಸದಿಂದ ಆಗುವ ಸುಧಾರಣೆ ಮರಳಿದ ಕೆಲವೇ ದಿನಗಳಲ್ಲಿ ಕರಗುವುದುಂಟು. ಡಿಸೆಂಬರ್‌ನಲ್ಲಿ ಬಂದರೆ ನೀವು ಮರಳುವುದು ಅತಿ ಗಿಡ್ಡ ಹಗಲುಗಳಿಗೆ, ಫೆಬ್ರವರಿಯಲ್ಲಾದರೆ ಹಗಲು ದಿನದಿನಕ್ಕೂ ಹಿಗ್ಗುತ್ತಿದ್ದು ತಿಂಗಳ ಕೊನೆಗೆ ಹತ್ತು ಗಂಟೆ ದಾಟುತ್ತದೆ. ಶಾಶ್ವತವಾಗಿ ಮರಳುವ ಪ್ರಶ್ನೆಗೆ ನಾನು ಹೌದು, ಅಲ್ಲ ಎಂದು ಉತ್ತರಿಸುವುದಿಲ್ಲ, ಅದು ನಿಮ್ಮಿಬ್ಬರ ಉದ್ಯೋಗ ಮತ್ತು ಮಗನ ಭವಿಷ್ಯಕ್ಕೆ ಸೇರಿದ್ದು. ಚಿಕಿತ್ಸೆಯ ನಂತರವೂ ಅಲ್ಲಿನ ಚಳಿಗಾಲ ಒಗ್ಗುವುದಿಲ್ಲವೆಂದು ಕಂಡುಕೊಂಡು ಮರಳುವವರು ಸೋತವರೇನಲ್ಲ. ಆದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಆ ನಿರ್ಧಾರವನ್ನು ತೆಗೆದುಕೊಳ್ಳಬೇಡಿ, ರಾಜೀನಾಮೆ ಪತ್ರ ಬರೆಯಬೇಡಿ. ಖಿನ್ನತೆಯಲ್ಲಿರುವ ಮನಸ್ಸಿಗೆ ಯಾವ ದಾರಿಯೂ ಒಳ್ಳೆಯದಾಗಿ ಕಾಣುವುದಿಲ್ಲ. ಈ ಚಳಿಗಾಲವನ್ನು ಸಿದ್ಧತೆಯೊಂದಿಗೆ ಕಳೆಯಿರಿ, ನಿದ್ರೆ, ತೂಕ, ಮನಸ್ಸಿನ ಸ್ಥಿತಿಯನ್ನು ವಾರಕ್ಕೊಮ್ಮೆ ಒಂದೆರಡು ಸಾಲು ಬರೆದಿಡಿ, ಮೇ ತಿಂಗಳಲ್ಲಿ ಆ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಪತಿಯೊಂದಿಗೆ ಕುಳಿತು ನಿರ್ಧರಿಸಿ.